ಮೂರು ಗಂಟೆ, ನಾಲ್ಕು ಹಾಡು

1954ರ ಏಪ್ರಿಲ್ 12ರಂದು ಬಿಲ್ ಹೇಲಿಯ ತಂಡ ನ್ಯೂಯಾರ್ಕಿಗೆ ತಡವಾಗಿ ಬಂತು. ಡೆಲವೇರ್ ನದಿ ದಾಟಿಸುವ ಫೆರ್ರಿ ಮರಳದಿಣ್ಣೆಗೆ ಸಿಕ್ಕಿ ನಿಂತುಬಿಟ್ಟಿತ್ತು. ಪಿಥಿಯನ್ ಟೆಂಪಲ್ ಎಂಬ ಎತ್ತರದ ಸಭಾಭವನವನ್ನು ಡೆಕ್ಕಾ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಅಲ್ಲಿ ಕಾದಿದ್ದ ನಿರ್ಮಾಪಕ ಮಿಲ್ಟ್ ಗೇಬ್ಲರ್‌ಗೆ ಆ ದಿನ ಮುಖ್ಯವಾಗಿದ್ದ ಹಾಡು ‘ಥರ್ಟೀನ್ ವಿಮೆನ್’. ಉಳಿದಿದ್ದ ಹೊತ್ತಿನ ಬಹುಪಾಲನ್ನು ಅದೇ ತಿಂದುಹಾಕಿತು. ಕೊನೆಗೆ ಇನ್ನೊಂದು ಹಾಡಿಗೆ ಸಿಕ್ಕಿದ್ದು ಎರಡು ಟೇಕ್‌ಗಳಿಗಾಗುವಷ್ಟು ಸಮಯ. ಆ ಹಾಡೇ ‘ರಾಕ್ ಅರೌಂಡ್ ದ ಕ್ಲಾಕ್’.

ಅದರಲ್ಲಿ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ ತಂಡದ ಕಾಯಂ ಸದಸ್ಯನಲ್ಲ, ಧ್ವನಿಮುದ್ರಣಕ್ಕೆಂದು ಕರೆಸಿಕೊಂಡವನು. ನಡುವೆ ಬರುವ ಗಿಟಾರ್ ತುಣುಕಿಗೆ ಹೊಸದೇನನ್ನೂ ಕಟ್ಟಲು ಹೋಗದೆ, 1952ರಲ್ಲಿ ಹೇಲಿಯ ‘ರಾಕ್ ದ ಜಾಯಿಂಟ್’ಗೆ ತಾನೇ ನುಡಿಸಿದ್ದನ್ನು ಮತ್ತೆ ನುಡಿಸಿದ. ಎರಡು ತಿಂಗಳ ನಂತರ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಸಿನಿಮಾ ಈ ಹಾಡನ್ನು ಬಳಸಿಕೊಂಡಿತು. 1955ರ ಜುಲೈಯಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿ ಎಂಟು ವಾರ ಅಲ್ಲೇ ಕೂತಿತು. ಇವತ್ತಿಗೂ ಗಿಟಾರ್ ಕಲಿಯುವ ಹುಡುಗರು ಆ ತುಣುಕನ್ನು ಬೆರಳು ನೋಯುವತನಕ ತಿದ್ದುತ್ತಾರೆ. ಆದರೆ ಡಿಸ್ಕಿನ ಲೇಬಲ್ ಮೇಲೆ ರಚನಕಾರರೆಂದು ಅಚ್ಚಾದ ಎರಡು ಹೆಸರುಗಳಲ್ಲಿ ಸೆಡ್ರೋನ್‌ನದಿಲ್ಲ. ಅವನದು ಅಂದಿನ ದಿನದ ಕೂಲಿ, ಅಷ್ಟೇ.

ರಾಕ್ ಅಂಡ್ ರೋಲ್, ಕಂಟ್ರಿ, ಡೂ-ವಾಪ್ ಈ ಮೂರೂ ಪ್ರಕಾರಗಳ ಆರಂಭದ ವರ್ಷಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ಒಂದು ವ್ಯತ್ಯಾಸವನ್ನು ಮೊದಲು ಹಿಡಿಯಬೇಕು. ಹಾಡಿನ ಮಾತು ಮತ್ತು ಮಟ್ಟು ಕಾಗದದ ಮೇಲೆ ಬರುತ್ತವೆ. ಜನ ಕಾಸು ಕೊಟ್ಟು ಕೊಂಡದ್ದು ಮಾತ್ರ ಕಾಗದಕ್ಕೆ ಬಾರದ ನಾದವನ್ನು: ಒಂದು ಗಿಟಾರಿನ ಒರಟು, ಒಂದು ಕೋಣೆಯ ಗುಂಗು, ಡ್ರಮ್ಮಿನ ಒಂದು ಪೆಟ್ಟು. ಆ ನಾದ ಹುಟ್ಟುತ್ತಿದ್ದುದು ಧ್ವನಿಮುದ್ರಣದ ಕೋಣೆಯಲ್ಲಿ, ಅಲ್ಲಿದ್ದ ನಾಲ್ಕಾರು ಜನರ ಕೈಯಲ್ಲಿ. ಕಾನೂನಿಗೆ ಕಾಗದ ಕಾಣಿಸುತ್ತಿತ್ತು, ನಾದ ಕೇಳಿಸುತ್ತಿರಲಿಲ್ಲ.

ಈ ಏರ್ಪಾಟಿಗೆ ಅಡಿಪಾಯ ಬಿದ್ದದ್ದು ಇನ್ನೂ ಹಿಂದೆ. 1927ರ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬಾತ ಟೆನಿಸಿಯ ಬ್ರಿಸ್ಟಲ್ ಊರಿಗೆ ಯಂತ್ರಗಳನ್ನು ಹೊತ್ತು ಬಂದ. ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಸ್ಟುಡಿಯೋ ಹೂಡಿ, ಎರಡು ವಾರಗಳಲ್ಲಿ 19 ತಂಡಗಳಿಂದ 76 ಹಾಡುಗಳನ್ನು ಮುದ್ರಿಸಿಕೊಂಡ. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್, ಅಂದರೆ ಕಂಟ್ರಿ ಸಂಗೀತದ ಎರಡು ಮೂಲಧಾರೆಗಳು, ಸಿಕ್ಕಿದ್ದು ಇಲ್ಲಿಯೇ. ಪೀರ್ ಚತುರ. ವಿಕ್ಟರ್‌ನಿಂದ ದೊಡ್ಡ ಸಂಬಳ ಕೇಳದೆ, ಹಾಡುಗಳ ಪ್ರಕಾಶನದ ಹಕ್ಕು ತನಗಿರಲಿ ಎಂದು ಒಪ್ಪಂದ ಮಾಡಿಕೊಂಡಿದ್ದ. ಹಾಗಾಗಿ ಎಲ್ಲರೂ ಹಾಡುವ ಹಳೆಯ ಹಾಡು ಅವನಿಗೆ ಬೇಡ, ಹೊಸದಾಗಿ ನೋಂದಾಯಿಸಬಹುದಾದದ್ದು ಬೇಕು. ಹಾಡಿದವರಿಗೆ ಡಿಸ್ಕಿನ ಒಂದು ಬದಿಗೆ 50 ಡಾಲರ್, ಜೊತೆಗೆ ಸಣ್ಣದೊಂದು ರಾಯಲ್ಟಿ. ಬಡ ಗುಡ್ಡಗಾಡಿನ ಜನರಿಗೆ ಅದು ದೊಡ್ಡ ಮೊತ್ತವೇ. ಆದರೆ ವರ್ಷಾನುಗಟ್ಟಲೆ ಹಾಲು ಕೊಡುವ ಹಸು ಯಾವುದೆಂದು ಪೀರ್‌ಗೆ ಗೊತ್ತಿತ್ತು.

ಐವತ್ತರ ದಶಕದ ಹೊತ್ತಿಗೆ ಈ ಕಸುಬಿಗೆ ಗಡಿಯಾರದ ಶಿಸ್ತು ಬಂದಿತ್ತು. ವಾದ್ಯಗಾರರ ಸಂಘವಾದ ಅಮೆರಿಕನ್ ಫೆಡರೇಷನ್ ಆಫ್ ಮ್ಯುಸಿಷಿಯನ್ಸ್ ಗೊತ್ತುಮಾಡಿದ ಸೆಷನ್ ಎಂದರೆ ಮೂರು ಗಂಟೆ. ಅಷ್ಟರಲ್ಲಿ ನಾಲ್ಕು ಹಾಡು ಮುಗಿಯಬೇಕು. ಎರಡು ಡಿಸ್ಕುಗಳ ನಾಲ್ಕು ಬದಿ ತುಂಬಿತೆಂದು ಲೆಕ್ಕ. ಪಕ್ಕವಾದ್ಯದವನಿಗೆ ಒಂದು ಸೆಷನ್‌ಗೆ 41 ಡಾಲರ್ 25 ಸೆಂಟ್. ಗಂಟೆ ಮೀರಿದರೆ ಹೆಚ್ಚುವರಿ ಕೂಲಿ. ನ್ಯಾಶ್‌ವಿಲ್‌ನಲ್ಲಿ ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಪಾಳಿಗಳೇ ಗೊತ್ತಾಗಿದ್ದವು. ಒಳ್ಳೆಯ ಹೆಸರಿದ್ದ ವಾದ್ಯಗಾರ ದಿನಕ್ಕೆ ನಾಲ್ಕೂ ಪಾಳಿ ದುಡಿಯುತ್ತಿದ್ದ.

ಯಂತ್ರದ ಮಿತಿ ಇನ್ನೊಂದು. ಎರಡನೇ ಮಹಾಯುದ್ಧ ಮುಗಿದಾಗ ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೇನಾ ತಂತ್ರಜ್ಞ ಜರ್ಮನಿಯಿಂದ ಎರಡು ಮ್ಯಾಗ್ನೆಟೋಫೋನ್ ಯಂತ್ರಗಳನ್ನು ತಂದ. ಅವುಗಳ ಮಾದರಿಯಲ್ಲಿ ಆಂಪೆಕ್ಸ್ ಕಂಪನಿ 1948ರಲ್ಲಿ ಟೇಪ್ ಯಂತ್ರ ಮಾರತೊಡಗಿತು. ಅದಕ್ಕೂ ಮೊದಲು ನಾದವನ್ನು ನೇರವಾಗಿ ತಟ್ಟೆಯ ಮೇಲೆ ಕೊರೆಯಬೇಕಿತ್ತು. ತಪ್ಪಿದರೆ ತಟ್ಟೆ ದಂಡ. ಟೇಪಾದರೆ ಅಳಿಸಿ ಮತ್ತೆ ಬಳಸಬಹುದು. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಊರಿನ ಸಣ್ಣವರೂ ಸ್ಟುಡಿಯೋ ತೆರೆಯಲು ಧೈರ್ಯ ಮಾಡಿದ್ದಕ್ಕೆ ಇದೂ ಒಂದು ಕಾರಣ. ಆದರೆ ಟೇಪಿನ ಮೇಲೆ ಇದ್ದದ್ದು ಒಂದೇ ಟ್ರ್ಯಾಕ್. ಹಾಡು, ಗಿಟಾರ್, ಡ್ರಮ್ ಎಲ್ಲವೂ ಒಟ್ಟಿಗೆ ಅದರಲ್ಲೇ ಇಳಿಯಬೇಕು. ಆಮೇಲೆ ಡ್ರಮ್ ಕಡಿಮೆ ಮಾಡೋಣ, ದನಿ ಏರಿಸೋಣ ಎನ್ನುವಂತಿಲ್ಲ. ಸ್ಯಾಕ್ಸೋಫೋನ್ ಜೋರಾಯಿತೆಂದರೆ ಅದನ್ನು ನುಡಿಸುವವನೇ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಯಾರು ಎಲ್ಲಿ ನಿಲ್ಲುತ್ತಾರೆ ಎನ್ನುವುದೇ ಅಂದಿನ ಮಿಕ್ಸಿಂಗ್.

ಹೀಗೆ ಕಟ್ಟಿಹಾಕಿದ ಜಾಗದಲ್ಲಿ ಏನಾಯಿತು ಎಂಬುದಕ್ಕೆ ಮೆಂಫಿಸ್ ಒಳ್ಳೆಯ ಸಾಕ್ಷಿ. 1950ರ ಜನವರಿಯಲ್ಲಿ ಸ್ಯಾಮ್ ಫಿಲಿಪ್ಸ್ ಅಲ್ಲಿನ 706, ಯೂನಿಯನ್ ಅವೆನ್ಯೂ ವಿಳಾಸದಲ್ಲಿ ಮೆಂಫಿಸ್ ರೆಕಾರ್ಡಿಂಗ್ ಸರ್ವಿಸ್ ತೆರೆದ. ಮದುವೆ, ಭಾಷಣ, ಶವಸಂಸ್ಕಾರ, ಏನೇ ಇರಲಿ ಮುದ್ರಿಸಿಕೊಡುವ ಅಂಗಡಿ ಅದು. ಫಿಲಿಪ್ಸ್‌ಗೆ ನಿಜವಾಗಿ ಬೇಕಿದ್ದದ್ದು ಆ ಸೀಮೆಯ ಕಪ್ಪು ಜನರ ಬ್ಲೂಸ್. 1951ರ ಮಾರ್ಚಿನಲ್ಲಿ ಐಕ್ ಟರ್ನರ್‌ನ ತಂಡ ಮಿಸಿಸಿಪ್ಪಿಯಿಂದ ಹೈವೇ 61 ಹಿಡಿದು ಬಂತು. ದಾರಿಯಲ್ಲಿ ಗಿಟಾರಿಗ ವಿಲ್ಲಿ ಕಿಝಾರ್ಟ್‌ನ ಆಂಪ್ಲಿಫೈಯರ್ ಕೆಟ್ಟಿತ್ತು. ಕಾರಿನಿಂದ ಕೆಳಗೆ ಬಿತ್ತೆಂದು ಕೆಲವರು, ಮಳೆಯಲ್ಲಿ ನೆನೆಯಿತೆಂದು ಕೆಲವರು. ಸ್ಪೀಕರ್ ಹರಿದು ಬರಬರ ಎನ್ನುತ್ತಿತ್ತು. ರಿಪೇರಿಗೆ ಹೊತ್ತಿಲ್ಲ. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿದ. ಆಗ ಹೊರಟ ಒಡಕು ಸದ್ದು ಅವನ ಕಿವಿಗೆ ಸ್ಯಾಕ್ಸೋಫೋನಿನಂತೆ ಹಿತವಾಗಿ ಕೇಳಿತು. ಅದನ್ನು ಮರೆಮಾಚುವ ಬದಲು ಮುಂದಕ್ಕೆ ತಂದು ಮುದ್ರಿಸಿದ. ಶಿಕಾಗೋದ ಚೆಸ್ ಕಂಪನಿ ‘ರಾಕೆಟ್ 88’ ಎಂದು ಹೊರತಂದ ಆ ಹಾಡು ಜೂನ್ ಹೊತ್ತಿಗೆ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲನೆಯದಾಯಿತು. ಮೊದಲ ರಾಕ್ ಅಂಡ್ ರೋಲ್ ಹಾಡು ಇದೇ ಎನ್ನುವವರು ಬಹಳ. ಲೇಬಲ್ ಮೇಲೆ ಟರ್ನರ್‌ನ ಹೆಸರೂ ಇರಲಿಲ್ಲ. ಅಂದು ಹಾಡಿದ ಜ್ಯಾಕಿ ಬ್ರೆನ್‌ಸ್ಟನ್‌ನದಿತ್ತು.

ಮೂರು ವರ್ಷದ ಬಳಿಕ ಅದೇ ಕೋಣೆ. 1954ರ ಜುಲೈ 5ರ ಸಂಜೆ 19 ವರ್ಷದ ಎಲ್ವಿಸ್ ಪ್ರೀಸ್ಲಿ, ಗಿಟಾರಿಗ ಸ್ಕಾಟಿ ಮೂರ್, ಬಾಸ್ ನುಡಿಸುವ ಬಿಲ್ ಬ್ಲ್ಯಾಕ್ ಕೂಡಿ ನಿಧಾನಗತಿಯ ಒಂದೆರಡು ಹಾಡು ಪ್ರಯತ್ನಿಸಿದರು. ಯಾವುದೂ ಏಳಲಿಲ್ಲ. ಬಿಡುವಿನಲ್ಲಿ ಎಲ್ವಿಸ್ ಆರ್ಥರ್ ಕ್ರುಡಪ್‌ನ ಹಳೆಯ ಬ್ಲೂಸ್ ಹಾಡು ‘ದಟ್ಸ್ ಆಲ್ ರೈಟ್’ ಎತ್ತಿಕೊಂಡು ಕುಣಿಯುತ್ತ ಹಾಡತೊಡಗಿದ. ಉಳಿದಿಬ್ಬರೂ ಸೇರಿಕೊಂಡರು. ಕಂಟ್ರೋಲ್ ರೂಮಿನಿಂದ ತಲೆ ಹಾಕಿದ ಫಿಲಿಪ್ಸ್ ಅದನ್ನೇ ಮೊದಲಿನಿಂದ ಹಾಡಿ ಎಂದ. ಡ್ರಮ್ ಇಲ್ಲ, ಬ್ಲ್ಯಾಕ್ ಬಾಸಿನ ತಂತಿಗಳನ್ನು ಎಳೆದು ಬಡಿದು ಆ ಕೊರತೆ ತುಂಬಿದ. ಅದೇ ವಾರ ಮೆಂಫಿಸ್ ರೇಡಿಯೋದಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ನಿರೂಪಕ ಅದನ್ನು ಹಾಕಿದಾಗ ಕೇಳುಗರ ಫೋನುಗಳು ನಿಲ್ಲಲಿಲ್ಲ.

ಸ್ಯಾಮ್ ಫಿಲಿಪ್ಸ್‌ನ ಹಾಡುಗಳಲ್ಲಿ ದನಿಯ ಬೆನ್ನಿಗೇ ಅದರ ನೆರಳು ಬರುವುದು ಗಮನಕ್ಕೆ ಬರುತ್ತದೆ. ಅದರ ತಂತ್ರ ಸರಳ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಎರಡರ ನಡುವೆ ಸ್ವಲ್ಪ ಅಂತರ. ಟೇಪು ಆ ಅಂತರ ದಾಟಲು ಸೆಕೆಂಡಿನ ಒಂದು ಸಣ್ಣ ಪಾಲು ಬೇಕು. ಎರಡನೆಯ ಯಂತ್ರದಲ್ಲಿ ಹೀಗೆ ತಡವಾಗಿ ಬಂದ ದನಿಯನ್ನು ಮೂಲದ ದನಿಯೊಂದಿಗೆ ಮತ್ತೆ ಬೆರೆಸಿದರೆ ‘ಸ್ಲ್ಯಾಪ್‌ಬ್ಯಾಕ್’ ಸಿದ್ಧ. ಮೂವರು ನುಡಿಸಿದ್ದು ಆರು ಮಂದಿಯಷ್ಟು ತುಂಬಿ ಕೇಳುತ್ತದೆ. 1955ರ ನವೆಂಬರಿನಲ್ಲಿ ಎಲ್ವಿಸ್‌ನ ಒಪ್ಪಂದವನ್ನು ಆರ್‌ಸಿಎ ಕಂಪನಿ 35,000 ಡಾಲರ್ ಕೊಟ್ಟು ಕೊಂಡಿತು. ಹಾಡುಗಾರ ಬಂದ, ಆದರೆ ಆ ಗುಂಗು ಜೊತೆಗೆ ಬರಲಿಲ್ಲ. 1956ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ಮುದ್ರಿಸುವಾಗ ಎಂಜಿನಿಯರುಗಳು ಕಟ್ಟಡದ ಪಡಸಾಲೆಯ ಅನುರಣನವನ್ನು ಬಳಸಿ ಇನ್ನೊಂದೇ ಬಗೆಯ ಗುಂಗನ್ನು ಪಡೆದರು.

ಫಿಲಿಪ್ಸ್‌ನ ಬಳಿಯೇ ಇದ್ದ ಜಾನಿ ಕ್ಯಾಶ್‌ನ ಸಮಸ್ಯೆ ಬೇರೆ. ಕಂಟ್ರಿ ಸಂಗೀತದ ಪೀಠವಾದ ಗ್ರ್ಯಾಂಡ್ ಓಲ್ ಓಪ್ರಿಯಲ್ಲಿ ಡ್ರಮ್ಮನ್ನು ಸಹಿಸುತ್ತಿರಲಿಲ್ಲ; ಕ್ಯಾಶ್‌ನ ತಂಡದಲ್ಲೂ ಡ್ರಮ್ ಬಾರಿಸುವವನಿರಲಿಲ್ಲ. 1956ರ ‘ಐ ವಾಕ್ ದ ಲೈನ್’ಗೆ ಅವನು ಗಿಟಾರಿನ ತಂತಿಗಳ ನಡುವೆ ಕಾಗದದ ಚೂರು ಸಿಕ್ಕಿಸಿದ. ಬಾರಿಸಿದಾಗ ಚರ್ಮವಾದ್ಯದ ಚರ್‌ಚರ್ ಸದ್ದು ಬಂತು. ಒಂದೇ ಸ್ಟುಡಿಯೋದಲ್ಲಿ ಕಾಗದ ಎರಡು ಸಲ ವಾದ್ಯವಾಯಿತು.

ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ಕೋಣೆ ಕೊಸಿಮೋ ಮಟಾಸಾನ ಜೆ ಅಂಡ್ ಎಂ ಸ್ಟುಡಿಯೋ. ರ್‍ಯಾಂಪಾರ್ಟ್ ಬೀದಿಯ ಅಂಗಡಿಯ ಹಿಂದಿದ್ದ ಇಕ್ಕಟ್ಟಿನ ಜಾಗ. 1949ರ ಡಿಸೆಂಬರಿನಲ್ಲಿ ಫ್ಯಾಟ್ಸ್ ಡೊಮಿನೋ ‘ದ ಫ್ಯಾಟ್ ಮ್ಯಾನ್’ ಹಾಡಿದ್ದು ಅಲ್ಲಿ. 1955ರ ಸೆಪ್ಟೆಂಬರಿನಲ್ಲಿ ಸ್ಪೆಷಾಲ್ಟಿ ಕಂಪನಿಯ ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಲಿಟ್ಲ್ ರಿಚರ್ಡ್‌ನನ್ನು ಕರೆತಂದ. ಅಂಜಿಕೊಂಡವನಂತೆ ಹಾಡಿದ ಹಾಡುಗಳೆಲ್ಲ ಸಪ್ಪೆಯಾದವು. ಊಟಕ್ಕೆಂದು ಡ್ಯೂ ಡ್ರಾಪ್ ಇನ್ ಎಂಬ ಕ್ಲಬ್ಬಿಗೆ ಹೋದಾಗ, ಅಲ್ಲಿದ್ದ ಪಿಯಾನೋ ಮತ್ತು ಜನರನ್ನು ಕಂಡವನೇ ರಿಚರ್ಡ್ ಬೇರೆಯೇ ಮನುಷ್ಯನಾಗಿ ಪೋಲಿ ಹಾಡೊಂದನ್ನು ಅರಚಿದ. ಬ್ಲ್ಯಾಕ್‌ವೆಲ್ ಡೊರೊಥಿ ಲಬಾಸ್ಟ್ರಿ ಎಂಬ ಎಳೆಯ ಕವಿಯತ್ರಿಯನ್ನು ಕರೆಸಿ ಮಾತು ತೊಳೆಸಿದ. ಅದು ಮುಗಿಯುವಷ್ಟರಲ್ಲಿ ಸೆಷನ್ನಿಗೆ ಉಳಿದದ್ದು ಸುಮಾರು ಕಾಲು ಗಂಟೆ. ಪಿಯಾನೋದವನಿಗೆ ಹಾಡು ಕಲಿಸಲು ಸಮಯವಿಲ್ಲದೆ ರಿಚರ್ಡ್ ತಾನೇ ನುಡಿಸುತ್ತ ಹಾಡಿದ. ‘ಟೂಟಿ ಫ್ರೂಟಿ’ ಹುಟ್ಟಿದ್ದು ಹಾಗೆ. ಡ್ರಮ್ ಬಾರಿಸಿದ ಅರ್ಲ್ ಪಾಮರ್ ಮೂಲತಃ ಜಾಝ್‌ನವನು. ರಿಚರ್ಡ್‌ನ ಬಲಗೈಯ ಬಿರುಸಿಗೆ ಸಮನಾಗಿ ಬಾರಿಸಬೇಕಾಗಿ ಬಂದು, ಜಾಝಿನ ತೂಗುವ ಲಯವನ್ನು ಬಿಟ್ಟು ನೇರವಾದ, ಸಮಸಮ ಪೆಟ್ಟಿನ ಲಯಕ್ಕೆ ಹೊರಳಿದ. ರಾಕ್ ಸಂಗೀತದ ನಡೆ ಎಂದು ಇವತ್ತು ನಾವು ಯಾವುದನ್ನು ಗುರುತಿಸುತ್ತೇವೋ ಅದು ದೊಡ್ಡ ಪಾಲು ಇವನ ಕೈಯದು. ಅದಕ್ಕೆ ಅವನಿಗೆ ಸಂದದ್ದು ಸೆಷನ್ನಿನ ಕೂಲಿ.

ನ್ಯಾಶ್‌ವಿಲ್ ಇದೇ ಕೆಲಸವನ್ನು ಒಪ್ಪವಾಗಿ ಮಾಡಿತು. ಅಲ್ಲಿ ಓವೆನ್ ಬ್ರ್ಯಾಡ್ಲಿ ಕಟ್ಟಿದ ಕ್ವಾನ್ಸೆಟ್ ಹಟ್ ಮತ್ತು 1957ರಲ್ಲಿ ಶುರುವಾದ ಆರ್‌ಸಿಎ ಸ್ಟುಡಿಯೋ ಬಿ ಇದ್ದವು. ಎರಡೂ ಕಡೆ ಹೆಚ್ಚುಕಡಿಮೆ ಅದೇ ಹತ್ತು ಹನ್ನೆರಡು ಮಂದಿ ವಾದ್ಯಗಾರರು: ಗಿಟಾರಿಗೆ ಗ್ರೇಡಿ ಮಾರ್ಟಿನ್, ಹ್ಯಾಂಕ್ ಗಾರ್ಲಂಡ್, ಬಾಸಿಗೆ ಬಾಬ್ ಮೂರ್, ಡ್ರಮ್ಮಿಗೆ ಬಡ್ಡಿ ಹಾರ್ಮನ್, ಪಿಯಾನೋಗೆ ಫ್ಲಾಯ್ಡ್ ಕ್ರೇಮರ್. ಬರೆದ ಸ್ವರಲಿಪಿ ಇಲ್ಲ. ಹಾಡನ್ನು ಒಮ್ಮೆ ಕೇಳಿ, ಅಲ್ಲೇ ಮಾತಾಡಿಕೊಂಡು ಕಟ್ಟುತ್ತಿದ್ದರು. ಜಾರ್ಡನೇರ್ಸ್ ಹಾಡುಗಾರರ ತಂಡದ ನೀಲ್ ಮ್ಯಾಥ್ಯೂಸ್ ಇದಕ್ಕೊಂದು ಉಪಾಯ ಕಂಡುಕೊಂಡ. ಸ್ವರಮೇಳಗಳಿಗೆ ಸಿ, ಎಫ್, ಜಿ ಎಂದು ಬರೆಯುವ ಬದಲು 1, 4, 5 ಎಂದು ಅಂಕಿ ಹಾಕುವುದು. ಹಾಡುಗಾರ್ತಿ ಅರ್ಧ ಮನೆ ಕೆಳಗಿಳಿಸಿ ಎಂದರೆ ಹಾಳೆ ತಿದ್ದುವ ಕೆಲಸವೇ ಇಲ್ಲ. ಶ್ರುತಿಪೆಟ್ಟಿಗೆ ಎಲ್ಲಿಗೆ ತಿರುಗಿಸಿದರೂ ನಮ್ಮ ಸರಿಗಮ ಬದಲಾಗದೆ ಉಳಿಯುವ ಹಾಗೆ. ಗಡಿಯಾರದ ಒತ್ತಡಕ್ಕೆ ಹುಟ್ಟಿದ ಈ ಅಂಕಿಪದ್ಧತಿ ನ್ಯಾಶ್‌ವಿಲ್‌ನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇದೇ ಬ್ರ್ಯಾಡ್ಲಿಯ ಹಟ್ಟಿನಲ್ಲಿ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಮುದ್ರಿಸುವಾಗ ಗ್ರೇಡಿ ಮಾರ್ಟಿನ್‌ನ ಬಾಸ್ ಗಿಟಾರು ಇದ್ದಕ್ಕಿದ್ದಂತೆ ದುಂಬಿಯಂತೆ ಗೊರಗುಟ್ಟಿತು. ಮಿಕ್ಸರಿನ ಒಂದು ಚಾನೆಲ್ಲಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಆ ಸದ್ದನ್ನು ಹಾಗೇ ಬಿಟ್ಟರು. ಹಾಡು 1961ರಲ್ಲಿ ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಸುಮ್ಮನಿರಲಿಲ್ಲ. ಕೆಟ್ಟ ಟ್ರಾನ್ಸ್‌ಫಾರ್ಮರಿನ ಗೊರಗನ್ನು ಬೇಕೆಂದಾಗ ಹುಟ್ಟಿಸುವ ಸರ್ಕಿಟ್ ಒಂದನ್ನು ರೂಪಿಸಿದ. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಝ್-ಟೋನ್ ಎಂದು ಮಾರಾಟಕ್ಕಿಟ್ಟಿತು. 1965ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಕಿಝಾರ್ಟ್‌ನ ಹರಿದ ಸ್ಪೀಕರಿಗೂ ಈ ಟ್ರಾನ್ಸ್‌ಫಾರ್ಮರಿಗೂ ಸದ್ದಿನಲ್ಲಿ ಅಂಥ ದೂರವಿಲ್ಲ. ಪೆಟ್ಟಿಗೆಯೊಳಗೆ ಕೂತಾಗ ಆ ಸದ್ದಿಗೆ ಒಡೆಯರಾದರು. ಸಂಗೀತವಾಗಿ ಇದ್ದಷ್ಟು ದಿನ ಯಾರೂ ಇರಲಿಲ್ಲ.

ಸಂಘದ ನಿಯಮ, ಪಾಳಿ, ಪೇಟೆಂಟ್ ಯಾವುದೂ ತಲುಪದ ಕೋಣೆಗಳೂ ಇದ್ದವು. ಡೂ-ವಾಪ್ ಬೆಳೆದದ್ದು ಹೆಚ್ಚಾಗಿ ಅಲ್ಲಿ. ವಾದ್ಯ ಕೊಳ್ಳಲಾಗದ ನಗರದ ಹುಡುಗರು ಬೀದಿ ಮೂಲೆಯಲ್ಲಿ, ಶಾಲೆಯ ಮೊಗಸಾಲೆಯಲ್ಲಿ ನಿಂತು ವಾದ್ಯದ ಕೆಲಸವನ್ನೂ ಕೊರಳಿಂದಲೇ ಮಾಡಿಸುತ್ತಿದ್ದರು. ಒಬ್ಬ ಬಾಸ್ ಆಗುತ್ತಾನೆ, ಇಬ್ಬರು ಮೂವರು ಸ್ವರಮೇಳ ಹಿಡಿಯುತ್ತಾರೆ, ಒಬ್ಬ ಮೇಲೆ ಹಾಡುತ್ತಾನೆ. ಅರ್ಥವಿಲ್ಲದ ಅಕ್ಷರಗಳೇ ತಾಳ. 1954ರಲ್ಲಿ ಲಾಸ್ ಏಂಜಲಿಸ್‌ನ ಪೆಂಗ್ವಿನ್ಸ್ ತಂಡ ‘ಅರ್ಥ್ ಏಂಜಲ್’ ಹಾಡಿದ್ದು ಟೆಡ್ ಬ್ರಿನ್ಸನ್‌ನ ಮನೆಯ ಗ್ಯಾರೇಜಿನಲ್ಲಿ. ಡ್ರಮ್ಮಿನ ಅಬ್ಬರ ತಗ್ಗಿಸಲು ದಿಂಬು ಒತ್ತಿಟ್ಟಿದ್ದರು. ಪಕ್ಕದ ಮನೆಯ ನಾಯಿ ಬೊಗಳಿದಾಗಲೆಲ್ಲ ಟೇಕು ಕೆಡುತ್ತಿತ್ತು, ಮತ್ತೆ ಶುರು. ನೀಟಾಗಿ ಮುದ್ರಿಸುವ ಮುಂಚಿನ ಮಾದರಿ ಎಂದು ಮಾಡಿಕೊಂಡದ್ದೇ ಕೊನೆಗೆ ಮಾರುಕಟ್ಟೆಗೆ ಬಂದು ದೇಶವೆಲ್ಲ ಹರಡಿತು.

ಎರಡು ವರ್ಷದ ಬಳಿಕ ಪೂರ್ವ ಕರಾವಳಿಯ ನ್ಯೂ ಹೇವನ್‌ನಲ್ಲಿ ಫೈವ್ ಸ್ಯಾಟಿನ್ಸ್ ತಂಡಕ್ಕೆ ಸಿಕ್ಕಿದ ಸ್ಟುಡಿಯೋ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆ. ಮುಖ್ಯ ಹಾಡುಗಾರ ಫ್ರೆಡ್ ಪ್ಯಾರಿಸ್ ಆಗ ಸೈನ್ಯದಲ್ಲಿದ್ದ. ‘ಇನ್ ದ ಸ್ಟಿಲ್ ಆಫ್ ದ ನೈಟ್’ ಅನ್ನು ಪಹರೆಯ ರಾತ್ರಿಗಳಲ್ಲಿ ಕಟ್ಟಿದ್ದ. ಚರ್ಚಿನ ಜಾಗ ಕೊಡಿಸಿದವನು ಅದೇ ಚರ್ಚಿಗೆ ಸೇರಿದ ಸ್ಯಾಕ್ಸೋಫೋನ್ ವಾದಕ ವಿನ್ನಿ ಮಝೆಟಾ. ಹಾಡಿನ ನಡುವೆ ಬರುವ ಸ್ಯಾಕ್ಸೋಫೋನ್ ಅವನದೇ. ಆ ಹಾಡಿನಲ್ಲಿ ಕೇಳುವ ಟೊಳ್ಳು ಗುಂಗು ಯಾವ ಯಂತ್ರದ್ದೂ ಅಲ್ಲ, ಕಲ್ಲು ಗಾರೆಯ ಮಾಳಿಗೆಯದು. ಹಾಡು ಬಿಡುಗಡೆಯಾದಾಗ ಅಮೆರಿಕದ ಪಾಪ್ ಪಟ್ಟಿಯಲ್ಲಿ 24ನೇ ಸ್ಥಾನ ದಾಟಲಿಲ್ಲ. ಮುಂದಿನ ದಶಕಗಳಲ್ಲಿ ಮಾತ್ರ ಆ ಪ್ರಕಾರಕ್ಕೇ ಗುರುತಿನಂತಾಯಿತು.

ಈಗ ಕಾನೂನಿಗೆ ಬರೋಣ. ಅಮೆರಿಕದ 1909ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಹಾಡು ಒಮ್ಮೆ ಡಿಸ್ಕಾಗಿ ಬಂದರೆ, ಪ್ರತಿಗೆ ಎರಡು ಸೆಂಟ್‌ನಂತೆ ರಚನಕಾರರ ಕಡೆಗೆ ಕಟ್ಟಿ ಯಾರು ಬೇಕಾದರೂ ಮತ್ತೆ ಹಾಡಿ ಮಾರಬಹುದಿತ್ತು. ಮೊದಲು ಹಾಡಿದವರ ಅನುಮತಿ ಬೇಕಿಲ್ಲ. ವಾದ್ಯಗಳನ್ನು ಹೊಂದಿಸಿದ ಬಗೆಯನ್ನೇ ನಕಲು ಮಾಡಿದರೆ? 1950ರಲ್ಲಿ ಸುಪ್ರೀಂ ಎಂಬ ಸಣ್ಣ ಕಂಪನಿ ಡೆಕ್ಕಾದ ಮೇಲೆ ಇದೇ ದೂರು ಹೊತ್ತು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ಹೋಯಿತು. ಅಂಥ ಹೊಂದಾಣಿಕೆಗೆ ಒಡೆತನವಿಲ್ಲ ಎಂದು ತೀರ್ಪಾಯಿತು. ಅಲ್ಲಿಂದ ದಾರಿ ಸಲೀಸು. ಕಪ್ಪು ತಂಡದ ಹಾಡೊಂದು ಮೇಲೇರುವ ಲಕ್ಷಣ ಕಂಡ ಕೂಡಲೇ ದೊಡ್ಡ ಕಂಪನಿ ಬಿಳಿಯ ಹಾಡುಗಾರರಿಂದ ಅದನ್ನೇ ಹಾಡಿಸುತ್ತಿತ್ತು; ದೊಡ್ಡ ರೇಡಿಯೋ ಕೇಂದ್ರಗಳು ಎರಡನೆಯದನ್ನು ಹಾಕುತ್ತಿದ್ದವು. ‘ಅರ್ಥ್ ಏಂಜಲ್’ನಲ್ಲಿ ಪೆಂಗ್ವಿನ್ಸ್ ಪಾಪ್ ಪಟ್ಟಿಯ 8ನೇ ಸ್ಥಾನಕ್ಕೆ ನಿಂತರೆ, ಅದನ್ನೇ ಹಾಡಿದ ಕೆನಡಾದ ಕ್ರ್ಯೂ-ಕಟ್ಸ್ 3ಕ್ಕೆ ಹೋದರು.

ಅಟ್ಲಾಂಟಿಕ್ ಕಂಪನಿಯ ಲವರ್ನ್ ಬೇಕರ್ ಹಾಡಿದ ‘ಟ್ವೀಡ್ಲಿ ಡೀ’ಯದು ಇನ್ನೂ ಹಸಿ ಉದಾಹರಣೆ. ಮರ್ಕ್ಯುರಿ ಕಂಪನಿ ಜಾರ್ಜಿಯಾ ಗಿಬ್ಸ್‌ಳಿಂದ ಅದರ ಪಡಿಯಚ್ಚು ಮಾಡಿಸಿತು. ಅದೇ ವಾದ್ಯಗಾರರು ಒಪ್ಪಿದ್ದಾರೆ, ನೀನೂ ಬಾ ಎಂದು ತನಗೂ ಕರೆ ಬಂದಿತ್ತೆಂದು ಅಟ್ಲಾಂಟಿಕ್‌ನ ಎಂಜಿನಿಯರ್ ಟಾಮ್ ಡೌಡ್ ಮುಂದೆ ಹೇಳಿಕೊಂಡಿದ್ದಾನೆ. ಬೇಕರ್ 1955ರಲ್ಲಿ ಮಿಶಿಗನ್‌ನ ಸಂಸದ ಚಾರ್ಲ್ಸ್ ಡಿಗ್ಸ್‌ಗೆ ಪತ್ರ ಬರೆದು ಕಾಯಿದೆ ತಿದ್ದಿ ಎಂದು ಕೇಳಿದಳು. ತಿದ್ದಲಿಲ್ಲ. ಒಮ್ಮೆ ವಿಮಾನ ಹತ್ತುವ ಮುಂಚೆ ವಿಮೆ ಮಾಡಿಸಿ, ನಾನು ಸತ್ತರೆ ನಕಲಿಸಲು ನಿನಗೆ ಯಾರೂ ಇರುವುದಿಲ್ಲವಲ್ಲ ಎಂದು ಗಿಬ್ಸ್‌ಳನ್ನೇ ಫಲಾನುಭವಿ ಮಾಡಿದಳೆಂಬ ಕಥೆ ಪ್ರಸಿದ್ಧ.

ಕಾಗದವಾದರೂ ರಕ್ಷಿಸಿತೇ ಎಂದರೆ, ಕಾಗದದ ಮೇಲೆ ಯಾರ ಹೆಸರು ಬೀಳುತ್ತದೆ ಎನ್ನುವುದು ಬೇರೆಯೇ ವ್ಯಾಪಾರ. 1955ರ ಮೇ ತಿಂಗಳಲ್ಲಿ ಚಕ್ ಬೆರಿ ಶಿಕಾಗೋದಲ್ಲಿ ‘ಮೇಬಲೀನ್’ ಮುದ್ರಿಸಿದ. ಡಿಸ್ಕು ಬಂದಾಗ ಸಹರಚನಕಾರರೆಂದು ಮತ್ತಿಬ್ಬರಿದ್ದರು. ಅವರಲ್ಲಿ ಒಬ್ಬ ಆ ಹಾಡನ್ನು ರೇಡಿಯೋದಲ್ಲಿ ಮೇಲೆತ್ತಿದ ಅಲನ್ ಫ್ರೀಡ್. ಪೂರ್ತಿ ಹಕ್ಕು ಬೆರಿಗೆ ಮರಳಿದ್ದು 1986ರಲ್ಲಿ. 13 ವರ್ಷದ ಫ್ರ್ಯಾಂಕಿ ಲೈಮನ್ ಹಾಡಿದ ‘ವೈ ಡೂ ಫೂಲ್ಸ್ ಫಾಲ್ ಇನ್ ಲವ್’ ತಮ್ಮದೆಂದು ಅವನ ತಂಡದ ಹರ್ಮನ್ ಸಾಂಟಿಯಾಗೋ ಮತ್ತು ಜಿಮ್ಮಿ ಮರ್ಚಂಟ್ ಕೋರ್ಟಿಗೆ ಹೋದರು. 1992ರಲ್ಲಿ ಜ್ಯೂರಿ ಅವರದೇ ಎಂದಿತು. 1996ರಲ್ಲಿ ಮೇಲಿನ ಕೋರ್ಟು, ದಾವೆ ಹೂಡುವ ಅವಧಿ ಮೀರಿತ್ತೆಂದು ಆ ತೀರ್ಪನ್ನು ತಳ್ಳಿಹಾಕಿತು.

ಇಷ್ಟೆಲ್ಲ ಹೇಳಿದ ಮೇಲೆ, ನಾದಕ್ಕೂ ಅಂದೇ ಬೇಲಿ ಹಾಕಿದ್ದರೆ ಸರಿಹೋಗುತ್ತಿತ್ತು ಎನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ‘ಮೇಬಲೀನ್’ನ ಬೆನ್ನ ಹಿಂದೆ ‘ಐಡಾ ರೆಡ್’ ಎಂಬ ಹಳೆಯ ಕಂಟ್ರಿ ಹಾಡಿದೆ. ಎಲ್ವಿಸ್‌ನ ಮೊದಲ ಡಿಸ್ಕಿನ ಒಂದು ಬದಿ ಕಪ್ಪು ಬ್ಲೂಸ್ ಗಾಯಕನದು, ಇನ್ನೊಂದು ಬದಿ ಬಿಲ್ ಮನ್ರೋನ ಬ್ಲೂಗ್ರಾಸ್ ವಾಲ್ಟ್ಸ್. ಸೆಡ್ರೋನ್ ನುಡಿಸಿದ್ದು ತಾನೇ ಹಿಂದೆ ನುಡಿಸಿದ್ದನ್ನು. ಲಯಕ್ಕೂ ಗಿಟಾರಿನ ತಿರುವಿಗೂ ಒಡೆತನದ ಚೀಟಿ ಅಂಟಿಸಿದ್ದರೆ ಈ ಸಂಗೀತ ಹುಟ್ಟುತ್ತಲೇ ಇರಲಿಲ್ಲ. ಎತ್ತಿಕೊಳ್ಳುವುದು, ತಿರುಗಿಸುವುದು, ಕೊಡುವುದು ಅದರ ಉಸಿರು. ದೋಷವಿದ್ದದ್ದು ಈ ಕೊಡುಕೊಳೆಯಲ್ಲಲ್ಲ. ಅದು ಒಂದೇ ದಿಕ್ಕಿಗೆ ಹರಿದದ್ದರಲ್ಲಿ. ಬೆರಿ ಕಂಟ್ರಿ ಹಾಡಿನಿಂದ ಎತ್ತಿಕೊಂಡದ್ದನ್ನು ಬಿಳಿಯರ ದೊಡ್ಡ ಕೇಂದ್ರಗಳು ಹಾಕಿದವು ನಿಜ, ಆದರೆ ಅವನು ಹೆಸರು ಹಂಚಿಕೊಳ್ಳಬೇಕಾಯಿತು. ಬೇಕರ್‌ಳಿಂದ ಎತ್ತಿಕೊಂಡ ಕಂಪನಿ ಅವಳೊಂದಿಗೆ ಏನನ್ನೂ ಹಂಚಿಕೊಳ್ಳಲಿಲ್ಲ.

ಅರವತ್ತರ ದಶಕ ಬರುತ್ತಲೇ ಎಲ್ಲವನ್ನೂ ಒಟ್ಟಿಗೇ ಮುದ್ರಿಸುವ ಆ ಬಗೆಯ ಸೆಷನ್ ಕರಗತೊಡಗಿತು. 1961ರ ಆಗಸ್ಟಿನಲ್ಲಿ ಪ್ಯಾಟ್ಸಿ ಕ್ಲೈನ್ ಕಾರು ಅಪಘಾತದಲ್ಲಾದ ಪಕ್ಕೆಲುಬಿನ ನೋವಿನಲ್ಲೇ ‘ಕ್ರೇಝಿ’ ಹಾಡಲು ಬಂದಳು. ಮೇಲಿನ ಸ್ವರಗಳಿಗೆ ಉಸಿರು ಸಾಲಲಿಲ್ಲ. ಬ್ರ್ಯಾಡ್ಲಿ ವಾದ್ಯಗಳನ್ನು ಮಾತ್ರ ಮುದ್ರಿಸಿಕೊಂಡ. ಕೆಲವು ವಾರಗಳ ನಂತರ ಆಕೆ ಬಂದು ಆ ಟೇಪಿನ ಮೇಲೆ ತನ್ನ ದನಿ ಕೂಡಿಸಿದಳು. ಟ್ರ್ಯಾಕುಗಳು ಹೆಚ್ಚಾದವು, ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಇರಬೇಕೆಂಬ ನಿಯಮ ಸಡಿಲಾಯಿತು.

ಅಮೆರಿಕದ ಫೆಡರಲ್ ಕಾನೂನು ಧ್ವನಿಮುದ್ರಣಕ್ಕೆ ಹಕ್ಕುಸ್ವಾಮ್ಯ ಕೊಟ್ಟದ್ದು 1972ರ ಫೆಬ್ರವರಿ 15ರಿಂದ, ಅಂದು ಮತ್ತು ಆ ನಂತರ ಮುದ್ರಿಸಿದವಕ್ಕೆ ಮಾತ್ರ. ಅದಕ್ಕೂ ಹಿಂದಿನವು, ಅಂದರೆ ಇಲ್ಲಿ ಹೆಸರಿಸಿದ ಎಲ್ಲ ಹಾಡುಗಳೂ, ಅದರ ರಕ್ಷಣೆಯೊಳಗೆ ಬಂದದ್ದು 2018ರ ಕಾಯಿದೆಯಿಂದ. ಅದರಿಂದ ಡಿಜಿಟಲ್ ರೇಡಿಯೋದಲ್ಲಿ ಹಾಕಿದಾಗ ಅವಕ್ಕೂ ಹಣ ಸಲ್ಲುತ್ತದೆ. ಮಾಮೂಲಿ ರೇಡಿಯೋ ಕೇಂದ್ರ ಅಲ್ಲಿ ಇಂದಿಗೂ ರಚನಕಾರರಿಗಷ್ಟೇ ಕೊಡುತ್ತದೆ, ನುಡಿಸಿದವರಿಗೆ ಹಾಡಿದವರಿಗೆ ಕೊಡುವುದಿಲ್ಲ.

ಹಣದ ಲೆಕ್ಕ ಹಾಗಿರಲಿ. ಹೆಸರಿನ ಲೆಕ್ಕವನ್ನು ಸರಿಪಡಿಸುವ ಕೆಲಸ ಬೇರೆ ದಾರಿಯಲ್ಲಿ ನಡೆದಿದೆ. ಕೂಲಿ ಬಟವಾಡೆಗೆಂದು ವಾದ್ಯಗಾರರ ಸಂಘ ಪ್ರತಿ ಸೆಷನ್ನಿಗೂ ತುಂಬಿಸುತ್ತಿದ್ದ ನಮೂನೆಗಳಲ್ಲಿ ಯಾರು ಏನು ನುಡಿಸಿದರು ಎಂದು ದಾಖಲಾಗಿತ್ತು. ಲೇಬಲ್ಲುಗಳು ನುಂಗಿದ ಎಷ್ಟೋ ಹೆಸರುಗಳನ್ನು ಸಂಶೋಧಕರು ಹೊರತೆಗೆದದ್ದು ಆ ಹಾಳೆಗಳಿಂದ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 2000ದಲ್ಲಿ ಪಕ್ಕವಾದ್ಯದವರಿಗೆಂದು ಪ್ರತ್ಯೇಕ ವಿಭಾಗ ತೆರೆದಾಗ ಮೊದಲ ವರ್ಷವೇ ಅರ್ಲ್ ಪಾಮರ್, ಸ್ಕಾಟಿ ಮೂರ್ ಅದರಲ್ಲಿದ್ದರು. ಸಂಘ ಕಾಲಿಡದ ಗ್ಯಾರೇಜು, ನೆಲಮಾಳಿಗೆಗಳಲ್ಲಿ ಅಂಥ ನಮೂನೆ ತುಂಬಿಸುವವರಿರಲಿಲ್ಲ. ಅಲ್ಲಿನ ಎಷ್ಟೋ ಡಿಸ್ಕುಗಳಲ್ಲಿ ಡ್ರಮ್ ಯಾರದು, ಪಿಯಾನೋ ಯಾರದು ಎಂದು ಇಂದಿಗೂ ವಾದ ನಡೆಯುತ್ತದೆ. ಗಂಟೆ ಲೆಕ್ಕದ ಕೂಲಿ ಜಿಪುಣತನದ್ದೇ ಇರಬಹುದು. ಆದರೆ ಕೂಲಿ ಕೊಡಬೇಕಾದರೆ ಹೆಸರು ಬರೆಯಲೇಬೇಕು. ಇಂದು ಹಾಡಿನ ಆ್ಯಪ್ ತೆರೆದರೆ ಕಾಣುವುದು ಹಾಡಿದವರ ಚಿತ್ರ. ನುಡಿಸಿದವರ ಹೆಸರು ಎಲ್ಲೋ ಒಳಗೆ, ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಐವತ್ತರ ದಶಕದ ಗುಮಾಸ್ತರು ಮೂರು ಗಂಟೆಯ ಕೆಲಸಕ್ಕೆ ತೋರಿದ ಕಟ್ಟುನಿಟ್ಟನ್ನು ಈ ಆ್ಯಪ್ ಕಂಪನಿಗಳಿಂದಲೂ ಕೇಳುವುದು ದುಬಾರಿ ಬೇಡಿಕೆಯೇನಲ್ಲ.